ಕಾಣೆಯಾದ ಗುಂಡುಕಲ್ಲು

ಗುಂಡುಕಲ್ಲು ಕಾಣುತ್ತಿಲ್ಲವೆಂದು ಕಸ ಗುಡಿಸುವ ಅನಸವ್ವ ಓಡಿಬಂದು ಹೇಳಿದಾಗ ಕೇಂದ್ರದ ಮೇಲ್ವಿಚಾರಕಿ ಪ್ರತಿಮಾ ಸ್ಟೂಲಿನ ಮೇಲೆ ನಿಂತು ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುವುತ್ತಿದ್ದಳು. ವೈರ್‌ಮನ್‌ನನ್ನು ಕರೆಸಿದರೆ ಅವನ ಕೂಲಿಯನ್ನು ಯಾವ ಬಾಬ್ತಿಗೆ ಹಾಕುವುದೆಂದು ನಗರಸಭೆಯವರು ಕೇಳುತ್ತಿದ್ದರು. ಹಾಗಾಗಿ ಇಂಥ ಕೆಲಸಗಳನ್ನೆಲ್ಲ ಅವಳೇ ಕಲಿತಿದ್ದಳು.

"ಕಲ್ಲಿಗೇನು ಕಾಲು ಬಂದಾವೇನು ಅನಸವ್ವ? ಇನ್ನೊಮ್ಮೆ ನೋಡು."

"ನೋಡೇ ಬಂದೇನ್ರಿ ಅಕ್ಕಾರ. ಕಟ್ಟಿ ಐತಿ, ಕಲ್ಲಿಲ್ಲ."

ಪ್ರತಿಮಾ ಇಳಿದು ಹೋಗಿ ನೋಡಿದಳು. ದೊಡ್ಡ ಹಾಲಿನ ಹಿಂದಿನ ಮೂಲೆಯಲ್ಲಿ ಗೇಣೆತ್ತರದ ಸಿಮೆಂಟು ಕಟ್ಟೆ ಬರಿದಾಗಿತ್ತು. ಒಂದು ಕ್ವಿಂಟಲ್‌ಗೂ ಹೆಚ್ಚು ತೂಗುವ, ಕರ್ರಗೆ ಎಣ್ಣೆ ಕುಡಿದ, ಗುಂಡಗಿನ ಕಲ್ಲು ಅದು. ಜಮಖಂಡಿಯ ಆ ಮನರಂಜನಾ ಕೇಂದ್ರದಲ್ಲಿ ಹೊರಗಿನವರು ಬಂದು ನೋಡುವಂಥದ್ದು ಅದೊಂದೇ. ಬೀಳಗಿ ಕಡೆಯ ಹೊಳೆದಂಡೆಯ ಊರೊಂದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದಾಗ ಅಲ್ಲಿಯ ಗರಡಿ ಮನೆಯ ಕಲ್ಲನ್ನು ಇಲ್ಲಿಗೆ ತಂದಿಟ್ಟಿದ್ದರು. ವರ್ಷಕ್ಕೊಮ್ಮೆ ಅದನ್ನು ಎತ್ತುವ ಸ್ಪರ್ಧೆ ನಡೆಯುತ್ತಿತ್ತು. ಈ ವರ್ಷದ ಸ್ಪರ್ಧೆ ಬರುವ ರವಿವಾರ. ಅಂದು ಶುಕ್ರವಾರ.

ಅವಳಿಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಈ ಸಲ ಸ್ಪರ್ಧೆಗೆ ಜನ ಸೇರದಿದ್ದರೆ ಕೇಂದ್ರದ ಅನುದಾನ ನಿಲ್ಲಿಸಿ, ಹಾಲನ್ನು ಮದುವೆ ಕಾರ್ಯಕ್ಕೆ ಲೀಜಿಗೆ ಕೊಡುವುದೆಂದು ವಾರ್ಡಿನ ಸದಸ್ಯ ಜ್ಞಾನೇಶ್ವರ ಆಗಲೇ ಹೇಳಿಬಿಟ್ಟಿದ್ದ. ಹಾಲಿನ ಉದ್ದಗಲ ಅಳೆಯಲು ಒಬ್ಬ ಪೆಂಡಾಲಿನವನನ್ನೂ ಕಳಿಸಿದ್ದ.

ಬೆಳಿಗ್ಗೆ ಕಲ್ಲು ಇತ್ತು; ಮಧ್ಯಾಹ್ನ ಕೇಂದ್ರ ಮುಚ್ಚಿರುವ ಹೊತ್ತಿನಲ್ಲೇ ಹೋಗಿತ್ತು. ಮುಂಬಾಗಿಲ ಬೀಗ ಹಾಗೇ ಇತ್ತು. ಹಿಂಬಾಗಿಲ ಅಗಳಿ ಮುರಿದು ಎಷ್ಟೋ ಕಾಲವಾಗಿತ್ತು. ಒಳಗಿನಿಂದ ಒಂದು ಇಟ್ಟಿಗೆ ಅಡ್ಡವಿಡುತ್ತಿದ್ದರು. ತಳ್ಳಿದರೆ ಯಾರು ಬೇಕಾದರೂ ಬರಬಹುದಿತ್ತು.

ಸುದ್ದಿ ಕೇಳಿ ಕೇಂದ್ರದ ಗರಡಿಯ ಉಸ್ತಾದ ಕಲ್ಮೇಶ ಬಂದ. ಕಳೆದ ಮೂರೂ ವರ್ಷ ಕಲ್ಲೆತ್ತಿ ಗೆದ್ದವನು ಅವನೇ. ಗೆದ್ದವನು ಮರುವರ್ಷ ಮೊದಲು ಕಲ್ಲೆತ್ತಿ ಸ್ಪರ್ಧೆ ಶುರುಮಾಡಿಕೊಡುವುದು ವಾಡಿಕೆ.

"ಆ ಹುಲೆಪ್ಪನ ಮ್ಯಾಲ ಸಂಶಯ ಐತ್ರಿ ಅಕ್ಕಾರ," ಎಂದಳು ಅನಸವ್ವ. "ನಮ್ಮೂರ ಕಲ್ಲು ನಮಗ ಕೊಡ್ರಿ ಅಂತ ಹ್ವಾದ ತಿಂಗಳ ಬಂದು ಒದರ್ಯಾಡಿ ಹೋದ. ಅಷ್ಟು ದೊಡ್ಡ ಕಲ್ಲು ಎತ್ತಾಕ ಅವಗ ಬಿಟ್ಟು ಇನ್ಯಾರಿಗಿ ಆಗತೈತಿ?"

ಹುಲೆಪ್ಪ ಆ ಮುಳುಗಿದ ಊರಿನವನು, ಈಗ ಪುನರ್ವಸತಿ ಕೇಂದ್ರದಲ್ಲಿದ್ದ. ಕಲ್ಮೇಶನಿಗೆ ಸರಿಸಾಟಿಯಾದ ಪೈಲ್ವಾನ.

"ಸುಮ್ಮ ಒಬ್ಬರ ಹೆಸರು ಹೇಳಬ್ಯಾಡ ಬೇ," ಎಂದು ಕಲ್ಮೇಶ ಗದರಿದ. ಮೂಲೆಮೂಲೆ ಹುಡುಕಲೆಂದು ಟೇಬಲ್ ಟೆನಿಸ್ಸಿನ ಮೇಜನ್ನು ಎಳೆದ. ಅದರ ಕಾಲು ನೆಲದ ಮೇಲೆ ಕರಕರ ಗೀರಿತು.

"ಎತ್ತಿ ಇಡಬಾರದೇನೋ ಕಲ್ಮೇಶ? ನೆಲಾ ಕೆತ್ತಿ ಹೋತು. ಅದನ್ನ ಯಾರು ಮಾಡಿಸಿಕೊಡತಾರ?" ಪ್ರತಿಮಾ ರೇಗಿದಳು. ಅವನು ತಲೆ ತಗ್ಗಿಸಿದ.

ವಾಚನಾಲಯದ ಮೂಲೆಯಿಂದ ಮುರಗೆಪ್ಪ ವಕೀಲರು ಎದ್ದು ಬಂದರು. ಫೌಜದಾರಿ ಮೊಕದ್ದಮೆಗಳಲ್ಲಿ ಹೆಸರು ಮಾಡಿದ್ದವರು. ಕಿವಿ ಮಂದವಾದ ಮೇಲೆ ಕೋರ್ಟು ಬಿಟ್ಟಿದ್ದರು. ಬಾಗಿಲು ತೆಗೆದಾಗ ಬಂದರೆ ಮುಚ್ಚುವವರೆಗೂ ಕೇಂದ್ರದಲ್ಲೇ ಇರುತ್ತಿದ್ದರು. ಜನರ ಮಾತು ಅರ್ಧವಷ್ಟೇ ಕೇಳುತ್ತಿದ್ದುದರಿಂದ ಅವರ ಕೈಕಾಲು, ಮುಖ ನೋಡುವ ರೂಢಿಯಾಗಿತ್ತು. ಬ್ಯಾಡ್ಮಿಂಟನ್ ನೆಟ್ ಕಳೆದಾಗ ಅದು ಯಾರ ಹಿತ್ತಲಲ್ಲಿ ಅವರೆ ಬಳ್ಳಿಗೆ ಚಪ್ಪರವಾಗಿದೆಯೆಂದು ಪತ್ತೆಹಚ್ಚಿದವರು ಅವರೇ. ಅಂದಿನಿಂದ ಕೇಂದ್ರದಲ್ಲಿ ಏನೇ ಕಳೆದರೂ ಪ್ರತಿಮಾ ಮೊದಲು ಅವರ ಮುಖ ನೋಡುತ್ತಿದ್ದಳು.

"ತಂಗಿ, ಇವತ್ತು ಇಲ್ಲಿ ಏನೇನು ಕೆಟ್ಟೈತಿ, ಏನೇನು ದುರಸ್ತಿ ಆಗಬೇಕು, ಹೇಳು," ಎಂದರು.

"ಕಲ್ಲು ಹೋಗೇತ್ರಿ ವಕೀಲಸಾಹೇಬ್ರ. ದುರಸ್ತಿ ಕೇಳತೀರಲ್ರಿ?"

"ಅದನ್ನ ಕೇಳಾಕತ್ತೇನಿ. ನಿನ್ನ ಕಣ್ಣಿಗಿ ಬೀಳೂದು ಖರ್ಚು. ನನಗ ಅದ ಬೇಕು."

ಪ್ರತಿಮಾ ದಣಿದ ದನಿಯಲ್ಲಿ ಹೇಳುತ್ತ ಹೋದಳು. ಮಕ್ಕಳ ಕಸರತ್ತಿನ ಹತ್ತಿಯ ಗಾದಿ ಹರಿದಿದೆ. ಅದಕ್ಕೆ ಉದ್ದಕ್ಕೂ ಕೆಂಪು ಮಣ್ಣು, ಎಣ್ಣೆ ಮೆತ್ತಿದೆ. ಹಾಲಿಗೆ ಹೊಂದಿಕೊಂಡು ತುಸು ತಗ್ಗಿನಲ್ಲಿರುವ ಗರಡಿಯ ಅಂಚಿನ ಇಟ್ಟಿಗೆಯೊಂದು ಹೊಸದಾಗಿ ಒಡೆದಿದೆ. ಯಾರೋ ಗರಡಿಯ ಮಣ್ಣಿಗೆ ಬೇಕಾಬಿಟ್ಟಿ ನೀರು ಹೊಡೆದದ್ದರಿಂದ ಮೇಲಿನ ಟಾಕಿ ಖಾಲಿಯಾಗಿದೆ, ಮತ್ತೆ ಮೋಟರು ಹಾಕಬೇಕು.

"ಗರಡಿಯೊಳಗ ಇಳಿದು ನೋಡಿದೇನು?"

"ಹೆಣ್ಮಕ್ಕಳು ಅಲ್ಲಿ ಇಳಿಯೂದಿಲ್ಲಲ್ರಿ. ದಂಡಿ ಮ್ಯಾಗ ನಿಂತು ನೋಡೇನಿ. ಮಣ್ಣು ಸಪಾಟ ಮಾಡಿ ಅರಿಷಿಣ ಹಾಕ್ಯಾರ. ಹಣಮಪ್ಪನ ಫೋಟೋ ಮುಂದ ಕರ್ಪೂರ ಹಚ್ಚ್ಯಾರ."

ವಕೀಲರು ಕನ್ನಡಕದ ಡಬ್ಬಿಯನ್ನು ಕೈಜಾರಿ ಬೀಳಿಸಿದರು. ಪಕ್ಕದಲ್ಲಿದ್ದ ಕಲ್ಮೇಶ ಒಂದು ಕೈಯನ್ನು ಗೋಡೆಗೆ ಆನಿಸಿ, ಮೊಣಕಾಲೂರಿ, ಬೆನ್ನು ಬಾಗಿಸದೆ ಇಳಿದು ಅದನ್ನು ಎತ್ತಿಕೊಟ್ಟ. ವಕೀಲರು "ಥ್ಯಾಂಕ್ಸಪ್ಪಾ" ಎಂದು ಹೊರನಡೆದರು. ಎದುರಿನ ಹಿಟ್ಟಿನ ಗಿರಣಿಯವನ ಹತ್ತಿರ ಅರ್ಧ ತಾಸು ಕೂತರು. ಆಮೇಲೆ ಹಿಂದಿನ ಓಣಿಯಲ್ಲಿ ಗಟಾರದ ಮೇಲೆ ಹಾಸಿದ ಅಲುಗಾಡುವ ಚಪ್ಪಡಿ ಫರ್ಶಿಯನ್ನು ಕಾಲಿನಿಂದ ಒತ್ತಿ ನೋಡಿದರು.

ಸಂಜೆ ಹೊತ್ತಿಗೆ ಜ್ಞಾನೇಶ್ವರ ಬಂದ. "ಪೊಲೀಸ್ ಕಂಪ್ಲೇಂಟ್ ಕೊಡ್ರಿ ಮೇಡಂ. ಹುಲೆಪ್ಪನ್ನ ಹಿಡದು ಕೂಡಿಸಿದ್ರ ಎರಡು ತಾಸಿನ್ಯಾಗ ಕಲ್ಲು ಬರತೈತಿ. ಬರಲಿಲ್ಲಂದ್ರ ಸ್ಪರ್ಧಾ ಇಲ್ಲ. ಮುಂದಿಂದು ನಿಮಗ ಗೊತ್ತೈತಿ."

ಕಲ್ಲು ಹೋದರೆ ಲಾಭ ಇವನಿಗೇ ಅಲ್ಲವೇ ಎಂಬ ಅನುಮಾನ ಪ್ರತಿಮಾಳ ನಾಲಿಗೆಯ ತುದಿಗೆ ಬಂದು ನಿಂತಿತು.

"ನಾಳೆ ಸಂಜೀತನಕ ತಡೀರಿ," ಎಂದರು ವಕೀಲರು. "ಎಲ್ಲಾರೂ ಇಲ್ಲೇ ಸೇರೂಣು. ಹುಲೆಪ್ಪಗೂ ಹೇಳಿ ಕಳಿಸ್ರಿ."

ಶನಿವಾರ ಸಂಜೆ ಹಾಲಿನಲ್ಲಿ ಐದಾರು ಕುರ್ಚಿ ಹಾಕಿದ್ದರು. ಜ್ಞಾನೇಶ್ವರ ಮೊಬೈಲು ನೋಡುತ್ತ ಕೂತಿದ್ದ. ಕಲ್ಮೇಶ ಗೋಡೆಗೆ ಒರಗಿ ನಿಂತಿದ್ದ. ಹುಲೆಪ್ಪ ಬಾಗಿಲಲ್ಲೇ ಗುಡುಗಿದ.

"ನಾ ಕಳ್ಳ ಅಂತ ಊರೆಲ್ಲಾ ಮಾತಾಡಾಕತ್ತೈತಿ. ಖರೆ, ಕೇಳಿದ್ದೆ. ನಮ್ಮ ಮನಿ ಹೋತು, ಗುಡಿ ಹೋತು, ಸಾಲಿ ಹೋತು. ಉಳಿದದ್ದು ಅದೊಂದ ಕಲ್ಲು. ಒಯ್ಯಬೇಕಂದ್ರ ಹಾಡೇ ಹಗಲ ಹೆಗಲ ಮ್ಯಾಲ ಹೊತ್ತು, ಹಲಗಿ ಬಡಿಸಿಕೋತ ಒಯ್ಯತಿದ್ದೆ!"

"ಕೂಡಪ್ಪಾ. ನೀ ಒಯ್ದಿಲ್ಲ," ಎಂದರು ಮುರಗೆಪ್ಪ ವಕೀಲರು. "ಯಾರೂ ಒಯ್ದಿಲ್ಲ. ಕಲ್ಲು ಇಲ್ಲೇ ಐತಿ."

ಜ್ಞಾನೇಶ್ವರ ಮೊಬೈಲು ಕೆಳಗಿಟ್ಟ.

"ಒಂದೊಂದ ಹೇಳತೇನಿ, ಕೇಳ್ರಿ. ಮುಂಬಾಗಲಾ ಗಿರಣಿಯವನ ಕಣ್ಣ ಮುಂದ ಐತಿ. ಗಾಡಿ ಬಂದಿಲ್ಲ, ಮಂದಿ ಬಂದಿಲ್ಲ. ಹಿಂದಿನ ಓಣಿಗೆ ಗಾಡಿ ಬರೂದಿಲ್ಲ. ಗಟಾರದ ಮ್ಯಾಲಿನ ಫರ್ಶಿ ನನ್ನ ಭಾರಕ್ಕ ಜೋಲಿ ಹೊಡೀತೈತಿ. ಕ್ವಿಂಟಲ್ ಕಲ್ಲು ಹೊತ್ತು ಅದರ ಮ್ಯಾಲ ದಾಟಿದ್ರ ಫರ್ಶಿ ಮುರೀತಿತ್ತು, ಮನಷ್ಯಾ ಗಟಾರದಾಗ ಇರತಿದ್ದ. ಅಂದ್ರ ಕಲ್ಲು ಹೊರಗ ಹೋಗಿಲ್ಲ."

"ಅದನ್ನ ಎತ್ತುವವ್ರು ಇಬ್ಬರ ಅದಾರ," ಎಂದ ಜ್ಞಾನೇಶ್ವರ. "ಅವರೊಳಗ ಒಬ್ಬರಾಗಬೇಕಲ್ಲ?"

"ಅಲ್ಲೇ ಎಲ್ಲಾರೂ ದಾರಿ ತಪ್ಪಿದ್ರಿ. ಎತ್ತೂ ಕಲ್ಲು ಎತ್ತೂ ಕಲ್ಲು ಅಂತ ಹೇಳಿ ಹೇಳಿ, ಅದು ಗುಂಡಗ ಐತಿ ಅನ್ನೂದನ್ನ ಮರತ್ರಿ. ಗುಂಡಗಿದ್ದದ್ದು ಉರುಳತೈತಿ. ಕಟ್ಟಿ ಗೇಣ ಎತ್ತರ. ಸಪ್ಪಳಾಗಬಾರದು ಅಂತ ಕೆಳಗ ಗಾದಿ ಹಾಸಿ, ಕಾಲಿನಿಂದ ನೂಕಿದ್ರ ಸಾಕು. ಗಾದಿ ಎಳಕೋತ, ಕಲ್ಲು ನೂಕಿಕೋತ ಗರಡಿ ದಂಡೀಗೆ ಬರಬಹುದು. ಅದಕ್ಕ ಗಾದಿಗೆ ಉದ್ದಕ ಎಣ್ಣಿ, ಮಣ್ಣು. ಗರಡಿಗೆ ಬೀಳೂ ಮುಂದ ಅಂಚಿನ ಇಟ್ಟಂಗಿ ಒಡೀತು. ಪ್ರತಿಮಾ ಇದನ್ನೆಲ್ಲಾ ನನಗ ನಿನ್ನೆ ಖರ್ಚಿನ ಲೆಕ್ಕದಾಗ ಹೇಳಿದ್ಲು."

ತಾನು ಗೊಣಗುತ್ತ ಹೇಳಿದ್ದೆಲ್ಲ ಒಂದಕ್ಕೊಂದು ಕೂಡಿಕೊಳ್ಳುವುದನ್ನು ಪ್ರತಿಮಾ ಕಣ್ಣರಳಿಸಿ ಕೇಳುತ್ತಿದ್ದಳು.

"ಗರಡಿ ಮಣ್ಣು ಮೆತ್ತಗ ಇರತೈತಿ. ಮೊಣಕಾಲ ಮ್ಯಾಲ ಕೂತು ಕೈಲೇ ತೋಡಬಹುದು. ಮುಚ್ಚಿದ ಮ್ಯಾಲ ಗುರುತು ಕಾಣಬಾರದು ಅಂತ ನೀರು ಹೊಡದು ಸಪಾಟ ಮಾಡ್ಯಾರ. ಸ್ಪರ್ಧಾಕ್ಕ ತಯಾರಿ ಅಂದ್ರ ಯಾರೂ ಕೇಳೂದಿಲ್ಲ. ಖರೆ, ಕಲ್ಲೆತ್ತೂ ಸ್ಪರ್ಧಾ ನಡೆಯೂದು ಮುಂದಿನ ಅಂಗಳದಾಗ. ಗರಡಿ ಮಣ್ಣು ಯಾಕ ಹದಾ ಮಾಡಬೇಕಿತ್ತು?"

ಅನಸವ್ವ ತಿರುಗಿ ಗರಡಿಯ ಕಡೆ ನೋಡಿದಳು.

"ಹೊರಗಿನವ ಯಾರಾದ್ರೂ ಆಗಿದ್ರ ಮಣ್ಣು ಮುಚ್ಚಿ ಓಡತಿದ್ದ. ಈತ ಅರಿಷಿಣ ಹಾಕ್ಯಾನ, ಕರ್ಪೂರ ಹಚ್ಚ್ಯಾನ. ಗರಡಿ ಮಣ್ಣು ಕೆದರಿದ್ದಕ್ಕ ತಪ್ಪಾತು ಅಂತ ಕೈ ಮುಗದಾನ. ಹಿಂಗಾಗಿ ಜ್ಞಾನೇಶ್ವರ, ನೀವೂ ಅಲ್ಲ, ನಿಮ್ಮ ಪೆಂಡಾಲಿನವನೂ ಅಲ್ಲ."

ಜ್ಞಾನೇಶ್ವರ ಕೆಕ್ಕರಿಸಿ ನೋಡಿದ. ಪ್ರತಿಮಾ ನೆಲ ನೋಡಿದಳು.

"ಗರಡಿಯವನ ಮಾಡ್ಯಾನ. ಖರೆ, ಹುಲೆಪ್ಪ ಆಗಿದ್ರ ಎತ್ತಿ ನಡೀತಿದ್ದ. ಅವಗ ಗಾದಿ ಯಾಕ ಬೇಕು? ತನ್ನ ಊರಿನ ಕಲ್ಲು ಬ್ಯಾರೆ ಊರಿನ ಮಣ್ಣಾಗ ಯಾಕ ಹುಗೀತಾನ? ಇದನ್ನ ಮಾಡಿದವ ಗರಡಿಯವ, ಆದ್ರ ಕಲ್ಲು ಎತ್ತಲಾರದವ." ವಕೀಲರ ದನಿ ತಗ್ಗಿತು. "ಮೇಜು ಎತ್ತಲಾರದ ಎಳದವ. ಡಬ್ಬಿ ಬಿದ್ರ ಬಗ್ಗಲಾರದ ಮೊಣಕಾಲೂರಿ ತಗದವ. ಕಲ್ಮೇಶ, ಎಂದಿನಿಂದಪ್ಪಾ ಈ ಬ್ಯಾನಿ?"

ಕಲ್ಮೇಶ ಗೋಡೆಯಿಂದ ಅಲುಗಲಿಲ್ಲ.

"ಮಳಿಗಾಲದಿಂದ್ರಿ," ಎಂದ. "ಜಿಮ್ಮಿನ ಕಬ್ಬಿಣದ ಸಾಮಾನು ಬಂದಿತ್ತಲ್ರಿ. ಹಮಾಲರಿಗಿ ಕೊಡಾಕ ರೊಕ್ಕಿಲ್ಲ ಅಂತ ಅಕ್ಕಾರ ಚಿಂತಿ ಮಾಡಾಕತ್ತಿದ್ರು. ನಾನ ಇಳಿಸೇನಿ ಬಿಡ್ರಿ ಅಂದೆ. ಅವತ್ತ ಸೊಂಟದಾಗ ಲಟಕ್ಕಂತು. ಮಿರಜ್‌ದಾಗ ಡಾಕ್ಟರು ಫೋಟೋ ತಗದು, ಇನ್ನೊಮ್ಮೆ ಭಾರ ಎತ್ತಿದ್ರ ಕಾಲು ಹೋಗತಾವ ಅಂದ್ರು."

ಪ್ರತಿಮಾಳಿಗೆ ಆ ದಿನ ನೆನಪಾಯಿತು. ಲಾರಿಯ ಹಿಂದೆ ನಿಂತು ಅವಳೇ ಛಲೋ ಆತಪ್ಪಾ ಎಂದಿದ್ದಳು. ಒಂದು ಖರ್ಚು ಉಳಿಯಿತೆಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದ್ದಳು.

"ಹೇಳಬಾರದೇನೋ ನನಗ?" ಎಂದಳು.

"ಹೇಳಿ ಏನ್ ಮಾಡಬೇಕಿತ್ರಿ? ಕಲ್ಲು ಎತ್ತಲಾರದ ಉಸ್ತಾದಗ ಯಾರು ಪಗಾರ ಕೊಡತಾರ? ರವಿವಾರ ಎಲ್ಲಾರ ಮುಂದ ನಾನ ಮೊದಲ ಎತ್ತಬೇಕಿತ್ತು. ರವಿವಾರ ದಾಟಿದ್ರ ಗರಡಿ ಹುಡುಗರನ್ನ ಹಚ್ಚಿ ತಗಸಿ ಇಡತಿದ್ದೆ. ಹುಲೆಪ್ಪನ ಮ್ಯಾಲ ಬಂದದ್ದು ನೋಡಿ ನಿನ್ನೆಯಿಂದ ಕೂಳ ಇಳಿದಿಲ್ರಿ."

ಜ್ಞಾನೇಶ್ವರ ಎದ್ದು ನಿಂತ. "ನಗರಸಭಾ ಆಸ್ತಿ ಕಳವು ಮಾಡ್ಯಾನ. ಮೇಡಂ, ಕಂಪ್ಲೇಂಟ್ ಕೊಡ್ರಿ, ಇವನ್ನ ಇವತ್ತ ಕೆಲಸದಿಂದ ಬಿಡಿಸ್ರಿ."

"ಕಳವು ಎಲ್ಲೈತಿ?" ವಕೀಲರು ಕಿವಿಯ ಹಿಂದೆ ಕೈಯಿಟ್ಟು ಕೇಳಿದರು. "ನಗರಸಭಾ ಕಲ್ಲು, ನಗರಸಭಾ ಮಣ್ಣಾಗ, ನಗರಸಭಾ ಕಟ್ಟಡದಾಗ ಐತಿ. ಒಂದ ಕೋಣ್ಯಾಗಿಂದ ಇನ್ನೊಂದ ಕೋಣಿಗಿ ಹೋಗೇತಿ, ಅಷ್ಟ."

ಎಲ್ಲರೂ ಪ್ರತಿಮಾಳ ಕಡೆ ನೋಡಿದರು. ದೂರು ಕೊಟ್ಟರೆ ಅವಳೇ ಕೊಡಬೇಕಿತ್ತು.

"ನಾ ಕಂಪ್ಲೇಂಟ್ ಕೊಡೂದಿಲ್ಲ," ಎಂದಳು. "ನಾಳಿ ಸ್ಪರ್ಧಾ ಆಗತೈತಿ. ಹುಲೆಪ್ಪ, ಕಲ್ಲು ಮೊದಲ ನೀ ಎತ್ತಿ ಶುರು ಮಾಡಿಕೊಡತೀಯೇನು?"

ಹುಲೆಪ್ಪ ಕಲ್ಮೇಶನ ಎದುರು ಹೋಗಿ ನಿಂತ. ಹೊಡೆದೇಬಿಡುತ್ತಾನೆಂದು ಅನಸವ್ವ ಬಾಯಿಗೆ ಸೆರಗು ಒತ್ತಿದಳು. ಹುಲೆಪ್ಪ ಅಂಗಿ ಕಳಚಿ ಅವಳ ಕೈಗೆ ಕೊಟ್ಟ, ಗರಡಿಗೆ ಇಳಿದ, ಮಣ್ಣು ತೋಡತೊಡಗಿದ. ಕರಿಯ ಕಲ್ಲಿನ ನೆತ್ತಿ ಕಂಡಿತು. ತೋಳು ಹಾಕಿ ಜಗ್ಗಿದ. ಹಸಿ ಮಣ್ಣು ಹೀರಿ ಹಿಡಿದಿತ್ತು; ಕೈ ಜಾರಿತು. ಮತ್ತೊಮ್ಮೆ ಜಗ್ಗಿದ.

"ಹಂಗಲ್ಲೋ, ಸೊಂಟಾ ಹೋದೀತು!" ಕಲ್ಮೇಶ ದಂಡೆಯ ಮೇಲಿಂದ ಕೂಗಿದ. "ಕಾಲು ಅಗಲ ಮಾಡು. ಮೊದಲ ಅಲುಗ್ಯಾಡಿಸಿ ಮಣ್ಣು ಬಿಡಿಸು. ಹಾಂ. ಈಗ ತೊಡಿ ಮ್ಯಾಲ ತಗೋ. ಉಸಿರು ಹಿಡೀಬ್ಯಾಡ. ಬೆನ್ನು ನೆಟ್ಟಗ... ಈಗ ಏಳು!"

ಹುಲೆಪ್ಪ ಅವನು ಹೇಳಿದಂತೆಯೇ ಮಾಡಿದ. ಕಲ್ಲು ಮೊದಲು ತೊಡೆಗೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ಬಂತು. ಮೈತುಂಬ ಕೆಂಪು ಮಣ್ಣಾಗಿ ಅವನು ನಡುಗುತ್ತ ನಿಂತ. "ಸಾಕು, ಇಳಿಸು. ನಾಳಿಗಿ ಉಳಿಸಿಕೋ," ಎಂದ ಕಲ್ಮೇಶ. ಕಲ್ಲಿಳಿಸಿದ ಹುಲೆಪ್ಪ ಏದುಸಿರು ಬಿಡುತ್ತ, "ಮುಂದಿನ ವಾರದಿಂದ ನಮ್ಮೂರ ಹುಡುಗರನ್ನ ನಿನ್ನ ಹಂತ್ಯಾಕ ಕಳಿಸತೇನಿ, ಉಸ್ತಾದ," ಎಂದ.

ರವಿವಾರ ಅಂಗಳ ತುಂಬ ಜನ ಬಂದರು. ಪುನರ್ವಸತಿ ಕೇಂದ್ರದಿಂದಲೇ ಎರಡು ಟ್ರ್ಯಾಕ್ಟರ್ ತುಂಬಿ ಬಂದಿದ್ದವು. ಜ್ಞಾನೇಶ್ವರ ಮುಂದಿನ ಸಾಲಿನಲ್ಲಿ ಕೂತು, ಹಾರ ಹಾಕಿಸಿಕೊಂಡು, ಲೀಜಿನ ಮಾತೆತ್ತದೆ ಹೋದ.

ಅನುದಾನ ಇನ್ನೊಂದು ವರ್ಷಕ್ಕೆ ಸಿಕ್ಕಿತು, ಅದೂ ಮೊದಲಿನಷ್ಟೇ. ಸಭೆಯಲ್ಲಿ ಪ್ರತಿಮಾ ಅಗಳಿ ಕೇಳಲಿಲ್ಲ, ಇಟ್ಟಿಗೆ ಕೇಳಲಿಲ್ಲ. ಹಮಾಲಿಗೆಂದು ಬೇರೆಯೇ ಒಂದು ಬಾಬ್ತು ಬೇಕೆಂದು ಹಟ ಹಿಡಿದಳು. ಇಷ್ಟು ಸಣ್ಣದನ್ನು ಕೇಳುತ್ತೀರಲ್ಲ ಎಂದು ಸದಸ್ಯರು ನಕ್ಕು ಒಪ್ಪಿದರು.

ಚಳಿಗಾಲದಲ್ಲಿ ವಾಚನಾಲಯದ ಕಪಾಟುಗಳು ಬಂದವು. ಲಾರಿ ನಿಂತ ಸಪ್ಪಳ ಕೇಳಿ, ಹುಡುಗರಿಗೆ ಪಟ್ಟು ಹೇಳಿಕೊಡುತ್ತ ಕೂತಿದ್ದ ಕಲ್ಮೇಶ ರೂಢಿಯಂತೆ ಎದ್ದು ತೋಳು ಮೇಲೇರಿಸಿದ.

"ಕೂಡು," ಎಂದಳು ಪ್ರತಿಮಾ, ಮತ್ತು ಹಮಾಲರನ್ನು ಕರೆಯಲು ತಾನೇ ಬೀದಿಗಿಳಿದಳು.