ಷರಾ: ಮಳೆಗೆ ಮುಂಚೆ ಮುಚ್ಚಬೇಕು

"ಯಾರ್ರೀ ಅದು ಮೇಲೆ? ಮೊದ್ಲು ಇಳೀರಿ ಕೆಳಗೆ!"

ಶಾಲೆಯ ಚಾವಣಿ ಮೇಲಿದ್ದವನು ಬೆಚ್ಚಿಬಿದ್ದ. ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ಟೀಚರ್. ಹಿಂದೆ ಹನ್ನೊಂದು ಮಕ್ಕಳು. ಆ ಬೆಟ್ಟದ ಶಾಲೆಯಲ್ಲಿ ಇದ್ದದ್ದೇ ಅಷ್ಟು ಮಕ್ಕಳು, ಒಬ್ಬಳೇ ಟೀಚರ್.

"ಶಿಕ್ಷಣ ಕಚೇರಿಯ ಇಂಜಿನಿಯರ್ ಮೇಡಂ... ಕಟ್ಟಡ ನೋಡೋಕೆ ಬಂದೆ."

"ನೋಡೋಕೆ ಬಾಗಿಲಿದೆ. ಇರೋ ನಾಲ್ಕು ಹೆಂಚನ್ನೂ ತುಳಿದು ಒಡೀಬೇಡಿ!"

ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಆ ನಗು... ಛೇ, ಯಾಕೆ ಅಷ್ಟು ಚೆನ್ನಾಗಿರಬೇಕಿತ್ತು!

ಮೂರು ದಿನ ಅವನು ಅಳತೆ ತೆಗೆದ. ಬಿಡುವಿನಲ್ಲಿ ಅದೇ ಟೇಪು ಹಿಡಿದು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟ. ಟೀಚರ್ ತಿಂಗಳಿಂದ ತಲೆ ಚಚ್ಚಿಕೊಂಡರೂ ಹತ್ತದಿದ್ದ 'ಮುಕ್ಕಾಲು' ಲೆಕ್ಕ, ಎಲ್ಲರಿಗಿಂತ ದೊಡ್ಡ ಹುಡುಗಿಯ ತಲೆಗೆ ಒಂದೇ ಮಧ್ಯಾಹ್ನದಲ್ಲಿ ಹತ್ತಿತು. ಟೀಚರ್‌ಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಹೊರಡುವಾಗ ಅವನು "ಮತ್ತೆ ಬರ್ತೀನಿ" ಎಂದದ್ದಕ್ಕೆ ಅವಳ ಎದೆ ಢವಢವ ಹೊಡೆದುಕೊಂಡಿತು.

ಹದಿನೈದು ದಿನಕ್ಕೆ ಬಂದದ್ದು ಅವನಲ್ಲ, ಕಾಗದ.

'ಇಂಜಿನಿಯರ್ ವರದಿಯಂತೆ ನಿಮ್ಮ ಶಾಲೆಯನ್ನು ಮಳೆಗಾಲಕ್ಕೆ ಮುಂಚೆ ಮುಚ್ಚಲಾಗುವುದು. ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸತಕ್ಕದ್ದು.'

ಟೀಚರ್ ಕುಸಿದು ಕೂತಳು. 'ನಗುನಗುತ್ತಲೇ ಕತ್ತು ಕುಯ್ದನಲ್ಲ...'

"ಪೇಟೆಗೆ ಎರಡೂವರೆ ಗಂಟೆ ದಾರಿ, ಟೀಚರಮ್ಮಾ," ಎಂದಳು ದೊಡ್ಡ ಹುಡುಗಿಯ ತಾಯಿ. "ದಿನಾ ಕಳಿಸೋಕಾಗುತ್ತಾ? ನನ್ನ ಮಗಳ ಓದು ಇಲ್ಲಿಗೇ ಮುಗೀತು ಅನ್ಕೊಳ್ಳಿ."

"ಮುಗಿಯೋಕೆ ನಾನು ಬಿಡಲ್ಲ!" ಟೀಚರ್ ಕಣ್ಣೊರೆಸಿಕೊಂಡು ಎದ್ದಳು. "ನಾಳೆ ಪಾಠ ಪೇಟೆಯ ಶಿಕ್ಷಣ ಕಚೇರಿಯಲ್ಲೇ. ಎಲ್ಲರೂ ಏಳೂವರೆಗೆ ಹೊರಡ್ಬೇಕು."

ಮರುದಿನ ಹತ್ತು ಗಂಟೆಗೆ, ಧೂಳುಗಾಲಿನ ಹನ್ನೊಂದು ಮಕ್ಕಳು ಶಿಕ್ಷಣ ಕಚೇರಿಯ ಸಾಹೇಬರ ಕೋಣೆಯಲ್ಲಿ ಸಾಲಾಗಿ ನಿಂತಿದ್ದರು. ಬೇರೆ ಊರುಗಳ ಶಾಲೆ ಸುತ್ತಿ ಆಗಷ್ಟೇ ಬಂದಿದ್ದ ಇಂಜಿನಿಯರ್ ಕೂಡ ಅಲ್ಲಿದ್ದ.

"ಗಡಿಯಾರ ನೋಡಿ ಸಾರ್. ಏಳೂವರೆಗೆ ಹೊರಟವರು ನಾವು. ಈ ಮಕ್ಕಳು ದಿನಾ ಇಷ್ಟು ನಡೀಬೇಕಂತೆ. ಈ ಇಂಜಿನಿಯರ್ ವರದಿ!" ಅವಳು ಅವನತ್ತ ತಿರುಗಿದಳು. "ಈ ಮಕ್ಕಳ ಜೊತೆ ಕೂತು ಪಾಠ ಹೇಳಿದ್ರಲ್ಲ... ಹೇಗ್ರೀ ಮನಸ್ಸು ಬಂತು?"

"ನಾನಾ? ಶಾಲೆ ಮುಚ್ಚಿ ಅಂತ ಎಲ್ಲಿ ಬರೆದೆ?"

ಸಾಹೇಬರು ಕಡತ ತಿರುವಿದರು. ಕೊನೆಯ ಪುಟ, ಷರಾ ಬರೆಯುವ ಜಾಗ. 'ಮಳೆಗೆ ಮುಂಚೆ ಮುಚ್ಚಬೇಕು.'

"ಅಯ್ಯೋ ಸಾರ್, ತೂತು! ಚಾವಣಿ ತೂತು! ಹಿಂದಿನ ಪುಟದಲ್ಲಿ ಎಣಿಸಿ ಬರೆದಿದ್ದೀನಲ್ಲ... ಆರು ತೂತು!"

ಗುಮಾಸ್ತರು ಬರೀ ಷರಾ ಓದಿ ಕಾಗದ ಕಳಿಸಿದ್ದರು. ಮಕ್ಕಳಲ್ಲಿ ಒಬ್ಬಳು ಕಿಸಕ್ಕೆಂದಳು. ಸಾಹೇಬರು ತಲೆ ಕೆರೆದುಕೊಂಡು, ಆದೇಶದ ಮೇಲೆ 'ರದ್ದು' ಎಂದು ಬರೆದು ಸಹಿ ಹಾಕಿದರು. ಟೀಚರ್ ಅದನ್ನು ಮೂರು ಸಲ ಓದಿದಳು.

ಹೊರಗಿನ ಜಗಲಿಯಲ್ಲಿ ಅವನು ತಲೆ ತಗ್ಗಿಸಿದ. "ತಪ್ಪು ನಂದೇ. ಎರಡು ಪದ ಉಳಿಸೋಕೆ ಹೋಗಿ ಶಾಲೇನೇ ಕಳೀತಿದ್ದೆ. ನೀವು ಬರದಿದ್ರೆ..."

"ನಾನೂ ಸರಿಯಿಲ್ಲ. ವಿಚಾರಿಸದೇ ದಾರಿಯುದ್ದಕ್ಕೂ ನಿಮ್ಮನ್ನ ಬೈಕೊಂಡು ಬಂದೆ."

"ಅದಕ್ಕೇ ಬೆಳಿಗ್ಗೆಯಿಂದ ಬಿಕ್ಕಳಿಕೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ ನಗಲಿಲ್ಲ.

"ಚಾವಣಿ ಕೆಲಸಕ್ಕೆ ನಾನೇ ಬರ್ತೀನಿ. ಅದು ಮುಗಿದ ಮೇಲೂ... ಬರಬಹುದಾ? ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿತು. "ಎಷ್ಟು ದಿನ ಬರ್ತೀರಾ?"

"ಶಾಲೆ ಇರೋವರೆಗೂ."

"ನಾನಿರೋವರೆಗೂ ಶಾಲೆ ಇರುತ್ತೆ. ಯೋಚಿಸಿ ಹೇಳಿ."

"ಯೋಚಿಸಿಯೇ ಹೇಳಿದ್ದು..."

ಅವಳು ಎಲ್ಲರಿಗಿಂತ ಚಿಕ್ಕ ಹುಡುಗಿಯ ಬೆನ್ನಿಂದ ಚೀಲ ತೆಗೆದು ಅವನ ಹೆಗಲಿಗೆ ಹಾಕಿದಳು.

"ಹಾಗಾದ್ರೆ ನಡೀರಿ. ಹತ್ತೋಕೆ ಮೂರು ಗಂಟೆ."