ಎರಡು ಪಾದದ ಬೆಳ್ಳಿ ಪದಕ

ಜನವರಿ 19, ಸೋಮವಾರ, ಮಧ್ಯಾಹ್ನ 1.10. ಶಹಾಪುರ ಠಾಣೆಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಾಫ್ ಅಂಗಡಿಯ ಮಹೇಶಕುಮಾರ ಏದುಸಿರು ಬಿಡುತ್ತ ಬಂದ. ಕಳವು ಮಾಡಿಸಿಕೊಂಡವರು ಪೊಲೀಸರ ಊಟದ ಹೊತ್ತು ನೋಡಿಕೊಂಡೇ ಬರುತ್ತಾರೆ, ಅದು ಈ ಠಾಣೆಯ ಹಣೆಬರಹ. ಇನ್‌ಸ್ಪೆಕ್ಟರ್ ಮನ್ಸೂರಅಲಿ ಡಬ್ಬಿ ಮುಚ್ಚಿ ಕುರ್ಚಿ ತೋರಿಸಿದರು.

“ಏನು ಹೋಗೇದ?”

“ಒಂದು ಚೀಲ ಹೋಗೇದ್ರಿ ಸಾಹೇಬ್ರ. ಇಪ್ಪತ್ಮೂರು ರಾಣಿ ಛಾಪಿನ ಬೆಳ್ಳಿ ರೂಪಾಯಿ, ಒಂದು ಬೆಳ್ಳಿ ಪದಕ. ಹಳೀ ಮಾಲು. ಸಂಜೀಕ ಕರಗಿಸಾಕ ಭಟ್ಟಿಗೆ ಹಾಕೂದಿತ್ತು.”

“ಯಾರ ಮ್ಯಾಲ ಸಂಶಯ?”

“ಒಬ್ಬಾಕಿ ಹೆಣ್ಮಗಳು ಬಂದಿದ್ಳು. ಕಾಲುಂಗರದ ರೇಟ್ ಕೇಳಿದ್ಳು. ನಾ ಒಳಗ ಹೋಗಿ ಬರೂದ್ರಾಗ ಚೀಲಾನೂ ಇಲ್ಲ, ಆಕೀನೂ ಇಲ್ಲ.”

“ಈ ಮಾಲು ನಿಮಗ ಮಾರಿದವರು ಯಾರು? ರಿಜಿಸ್ಟರ್ ತಂದೀರೇನು?”

ಮಹೇಶಕುಮಾರ ಫ್ಯಾನಿನ ಕಡೆ ನೋಡಿದ. “ಬೆಳ್ಳಿ ರೇಟ್ ಏರಿದಾಗಿಂದ ಮಂದಿ ದೇವರ ಜಗಲೀನೂ ಬಿಡದ ತರಾಕತ್ಯಾರ್ರಿ. ಎಲ್ಲಾರ ಹೆಸರು ಬರಕೋತ ಎಲ್ಲಿ ಕೂಡ್ಲಿ?”

ಬಿಲ್ಲಿಲ್ಲದೆ ಕೊಂಡ ಮಾಲು ಎಂದಾಯಿತು. ಆ ವಿಷಯ ಬೇರೆ ವಿಚಾರಿಸೋಣವೆಂದು ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದರು. ದೂರು ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ಸರೋಜಾಳ ಪೆನ್ನು ಒಂದು ಕಡೆ ನಿಂತಿತು.

“ಪದಕದ ಮ್ಯಾಲ ಏನಿತ್ರಿ?”

“ಎರಡು ಸಣ್ಣ ಪಾದ.”

ಆತ ಹೋದ ಮೇಲೆ ಸರೋಜಾ ಹೇಳಿದಳು. “ಸರ್, ಅದು ಸವತಿ ಪದಕ. ಮೊದಲನೇ ಹೆಂಡತಿ ಸತ್ತು ಗಂಡ ಇನ್ನೊಂದು ಮದಿವಿ ಆದ್ರ, ಸತ್ತಾಕೀ ಹೆಸರಲೆ ಪದಕ ಮಾಡಿಸಿ ಎರಡನೇದಾಕೀ ಕೊಳ್ಳಾಗ ಹಾಕ್ತಾರ್ರಿ. ಹೊಸಾ ಸೀರಿ ಬಂದ್ರ ಮೊದಲ ಪದಕಕ್ಕ ಮುಟ್ಟಿಸಿ ಆಮ್ಯಾಲ ಉಡಬೇಕು. ನಮ್ಮವ್ವ ಸಾಯೂತನಕ ತೆಗೀಲಿಲ್ಲ. ಹಾಕ್ಕೊಂಡಾಕಿ ಅದನ್ನ ಮಾರಂಗಿಲ್ರಿ. ಮನ್ಯಾಗ ಯಾರೋ ಕೇಳದ ಮಾರ್ಯಾರ, ಈಕಿ ಹೊಳ್ಳಿ ಒಯ್ದಾಳ.”

“ಕಾಯಿದೆ ಪ್ರಕಾರ ರೊಕ್ಕ ಕೊಟ್ಟು ಕೊಂಡಾವ ಮಾಲಕ,” ಎಂದರು ಮನ್ಸೂರಅಲಿ. “ನಾವು ಹಿಡಿದು ತಂದ್ರ ಕೋರ್ಟ್ ಅವನ ಕೈಗೇ ಕೊಡ್ತದ.”

“ಅವ ಕರಗಿಸ್ತಾನ್ರಿ.”

“ಕರಗಿಸ್ತಾನ.”

ಯಾರದೋ ಬರಿದಾದ ಕೊರಳು ಸರೋಜಾಳ ಕಣ್ಣ ಮುಂದೆ ಬಂತು.

ಸಂಜೆ 4.30ಕ್ಕೆ ಅಂಗಡಿಯ ಸಿಸಿ ಕ್ಯಾಮೆರಾ ದೃಶ್ಯ ನೋಡಿದರು. ತಲೆ ತುಂಬ ಸೆರಗು ಹೊದ್ದ ಹೆಂಗಸು 12.15ಕ್ಕೆ ಒಳಗೆ ಬಂದಿದ್ದಳು. ಏಳು ನಿಮಿಷ ಗಲ್ಲೆಯ ಮುಂದೆ ನಿಂತು, ಚೀಲದ ಕಡೆ ಬೆರಳು ಮಾಡಿ, ಮತ್ತೆ ಮತ್ತೆ ಕೈ ಮುಗಿದಿದ್ದಳು. ಮಹೇಶಕುಮಾರ ಒಳಗೆ ಹೋದದ್ದೇ ಚೀಲವನ್ನು ಸೆರಗಿನೊಳಗೆ ಹಾಕಿಕೊಂಡು ಹೊರಟಿದ್ದಳು. ಮುಖ ಕಾಣಿಸುತ್ತಿರಲಿಲ್ಲ.

“ಕಾಲುಂಗರದ ರೇಟ್ ಕೇಳಾಕ ಹಿಂಗ ಕೈ ಮುಗೀತಾರೇನು ಶೆಟ್ರ?” ಎಂದರು ಇನ್‌ಸ್ಪೆಕ್ಟರ್.

ಮಹೇಶಕುಮಾರ ಬೆವರು ಒರೆಸಿಕೊಂಡ. “ಗಂಡ ಮಾರಿ ಹೋಗ್ಯಾನ, ರೂಪಾಯಿ ನಿಮಗಿರ್ಲಿ, ಪದಕ ಅಷ್ಟ ಕೊಡ್ರಿ ಅಂದ್ಳು. ಗಂಡನ್ನ ಕರ್ಕೊಂಡು ಬಾ, ಇವತ್ತಿನ ರೇಟಿನಾಗ ತಗೊಂಡು ಹೋಗು ಅಂದೆ. ಧಂದೆ ಮಾಡಾವ್ರಿ ನಾ, ಧರ್ಮಛತ್ರ ಇಟ್ಟಿಲ್ಲ.”

“ಗಂಡನ ಹೆಸರು?”

“ಕೇಳಿಲ್ರಿ.”

ಮಂಗಳವಾರವಿಡೀ ಸುರಪುರ, ಯಾದಗಿರಿಯ ಬೆಳ್ಳಿ ಅಂಗಡಿಗಳಲ್ಲಿ ಪೇದೆಗಳು ವಿಚಾರಿಸಿದರು. ರಾಣಿ ಛಾಪಿನ ರೂಪಾಯಿ ಮಾರಲು ಯಾವ ಹೆಂಗಸೂ ಬಂದಿರಲಿಲ್ಲ.

ಬುಧವಾರ ಬೆಳಿಗ್ಗೆ 11ಕ್ಕೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಮಲ್ಲಿನಾಥ ಸರಾಫ್ ಅಂಗಡಿಗೆ ಒಂದು ಗಂಟು ಕೊಟ್ಟು ಹೋದ. ಮಹೇಶಕುಮಾರ ಅದನ್ನು ಬಿಚ್ಚದೆ ಠಾಣೆಗೆ ತಂದ. ಇಬ್ಬರು ಪಂಚ ಸಾಕ್ಷಿಗಳ ಮುಂದೆ ಬಿಚ್ಚಿದರೆ, ಹಸಿರು ಖಣದೊಳಗೆ ಇಪ್ಪತ್ಮೂರು ರೂಪಾಯಿ. ಹುಣಸೆಹುಳಿ ಹಚ್ಚಿ ಫಳಫಳ ತಿಕ್ಕಿದ್ದರು. ಒಂದೊಂದಕ್ಕೂ ಅರಿಶಿಣ, ಕುಂಕುಮ. ಜೊತೆಗೆ ಐದು ಉತ್ತತ್ತಿ, ಐದು ಬಟ್ಟಲಡಿಕೆ. ಪದಕ ಇರಲಿಲ್ಲ.

“ಯಾ ಅಲ್ಲಾ! ಇದೇನು ಕಳವಿನ ಮಾಲೋ, ಬೀಗರ ಮನಿ ಉಡಿಯೋ?” ಎಂದರು ಇನ್‌ಸ್ಪೆಕ್ಟರ್. ಪೇದೆಗಳು ನಕ್ಕರು.

“ಲಕ್ಷ್ಮಿ ಪೂಜಾಕ್ಕ ಇಡೂ ರೂಪಾಯಿ ಇವು. ಲಕ್ಷ್ಮೀನ ಮನಿಯಿಂದ ಬರಿದಾಗಿ ಕಳಿಸಬಾರದಂತ ಉಡಿ ತುಂಬ್ಯಾಳ್ರಿ,” ಎಂದಳು ಸರೋಜಾ. ಅವಳಿಗೆ ನಗು ಬರಲಿಲ್ಲ. “ಸಿಕ್ಕಿಬೀಳ್ತೀನಿ ಅನ್ನೂ ಖಬರೂ ಇಲ್ಲ ಪಾಪ.”

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಮಲ್ಲಿನಾಥ ಸಿಕ್ಕ.

“ಗಂಟು ಯಾರು ಕೊಟ್ರು?”

“ನಾರಾಯಣಪುರ ಕ್ವಾರ್ಟರ್ಸ್ ಸ್ಟಾಪಿನಾಗ ಮಲಕಮ್ಮ ಕೊಟ್ಳ್ರಿ. ನೀರಾವರಿ ಇಲಾಖೆ ಹಣಮಂತ್ರಾಯನ ಹೆಂಡತಿ.”

“ಅಷ್ಟು ಪರಿಚಯ ಹ್ಯಾಂಗ?”

“ದಿನಾ ಸ್ಟಾಪಿನಾಗ ಕುಂತಿರ್ತಾಳ್ರಿ. ಎಲ್ಲಿಗೂ ಹೋಗಂಗಿಲ್ಲ. ಬಸ್ ನಿಂತಾಗ ‘ಊಟ ಆತೇನೋ ತಮ್ಮಾ’ ಅಂತ ಕೇಳ್ತಾಳ, ಹೊಳ್ಳಿ ಮನಿಗಿ ಹೋಗ್ತಾಳ. ನಾನೂ ಖರೇ ಅಂದ್ರ ಎಷ್ಟೋ ಸಲ ಉತ್ತರ ಕೊಟ್ಟಿಲ್ಲ.”

ಜನವರಿ 22, ಗುರುವಾರ, ಮಧ್ಯಾಹ್ನ 3.20. ಇನ್‌ಸ್ಪೆಕ್ಟರ್, ಸರೋಜಾ ನಾರಾಯಣಪುರದ ಕ್ವಾರ್ಟರ್ಸಿಗೆ ಹೋದರೆ, ಮಲಕಮ್ಮನಿದ್ದ ಸಾಲಿನ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಬೀಗ. ಬಾಗಿಲುಗಳ ಮುಂದೆ ಜಾಲಿ ಬೆಳೆದಿತ್ತು. ಹತ್ತನೆಯದರ ಬಾಗಿಲು ತೆರೆದ ಹೆಂಗಸಿಗೆ ನಲವತ್ತೈದರ ಮೇಲಿರಬಹುದು. ಕೊರಳಲ್ಲಿ ತಾಳಿ, ಅದರ ಪಕ್ಕ ಹೊಸ ಕರಿದಾರದಲ್ಲಿ ಪದಕ. ಖಾಕಿ ಕಂಡು ಅವಳು ಬೆಚ್ಚಲಿಲ್ಲ. ಬಂದವರ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಚಹಾಕ್ಕೆ ಇಟ್ಟಳು. ಮನೆಗೆ ಮಂದಿ ಬಂದರಲ್ಲ ಎಂಬ ಸಂತೋಷ ಅವಳ ಮುಖದಲ್ಲಿ ಮುಚ್ಚಿದರೂ ಮುಚ್ಚುತ್ತಿರಲಿಲ್ಲ.

“ಚೀಲ ನೀವ ಒಯ್ದೀರೇನು?”

“ಹೌದ್ರಿ.”

“ರೂಪಾಯಿ ಯಾಕ ಹೊಳ್ಳಿ ಕಳಿಸಿದ್ರಿ?”

“ಅವನ್ನ ನನ್ನ ಗಂಡ ಮಾರ್ಯಾನ, ರೊಕ್ಕ ತಗೊಂಡಾನ. ನಾ ಇಟ್ಕೊಂಡ್ರ ಕಳವು ಆಗ್ತದಲ್ರಿ.”

“ಪದಕ ಇಟ್ಕೊಂಡದ್ದು ಕಳವಲ್ಲೇನು?”

“ಅಕ್ಕನ್ನ ಕರ್ಕೊಂಡು ಬಂದೀನ್ರಿ.”

ಮನ್ಸೂರಅಲಿ ಬರೆಯುವುದನ್ನು ನಿಲ್ಲಿಸಿದರು. ಮಲಕಮ್ಮ ತಾನಾಗಿಯೇ ಹೇಳಿದಳು. ದಾರ ಹರಿದಿತ್ತು, ಹೊಸದು ತರುವತನಕ ಪದಕವನ್ನು ದೇವರ ಡಬ್ಬಿಯಲ್ಲಿ ಇಟ್ಟಿದ್ದಳು. ಹಣಮಂತ್ರಾಯ ಬೆಳ್ಳಿ ರೇಟು ಕೇಳಿ ಡಬ್ಬಿಯಲ್ಲಿದ್ದುದನ್ನೆಲ್ಲ ಸುರುವಿಕೊಂಡು ಹೋಗಿದ್ದ. ಆತನಿಗೆ ವಡಗೇರಾ ಕಡೆ ಕಾಲುವೆ ಡ್ಯೂಟಿ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ.

“ಬಂದ್ರೂ ಮೊಬೈಲ್ ನೋಡ್ಕೋತ ಮಲಗ್ತಾನ್ರಿ. ಮಕ್ಕಳಿಲ್ಲ. ಸತ್ತಾಕೀ, ಈ ಪದಕದ ಅಕ್ಕನ ಹೆಸರು ಶಂಕ್ರಮ್ಮ. ನಾ ಆಕೀ ಮುಖಾ ನೋಡಿಲ್ಲ. ಮದಿವ್ಯಾದ ಹೊಸದ್ರಾಗ ಹೆದರ್ತಿದ್ದೆ, ರಾತ್ರಿ ಬಂದು ಕಾಡ್ತಾಳ ಅಂತ. ಆಮ್ಯಾಲ ಆಕಿ ಕಾಡಿದ್ರೂ ಛಲೋ, ಯಾರರೆ ಬರ್ಲಿ ಅನ್ನಿಸ್ತು. ಇಪ್ಪತ್ತೆರಡು ವರ್ಷಾತು, ಏನು ಅಡಗಿ ಮಾಡ್ಲಿ ಅಂತನೂ ಆಕೀಗೇ ಕೇಳ್ತೀನಿ.”

ಹೆಂಗಸನ್ನು ಸೂರ್ಯ ಮುಳುಗುವುದರೊಳಗೆ ಬಂಧಿಸಬೇಕು. 5.05ಕ್ಕೆ ಬಂಧನದ ಮೆಮೊ ತಯಾರಾಯಿತು. ಜಪ್ತಿ ಪಂಚನಾಮೆಗೆ ಪಂಚರನ್ನು ಹುಡುಕಲು ಮೂರು ಸಾಲು ದಾಟಿ ಹೋಗಬೇಕಾಯಿತು. ಪದಕ ಬಿಚ್ಚಲು ಸರೋಜಾ ಕೈ ಚಾಚಿದಳು.

“ತಡೀವಾ, ನಾನ ತೆಗೀತೀನಿ,” ಎಂದು ಮಲಕಮ್ಮ ದಾರ ಬಿಚ್ಚಿ, ಪದಕ ಕಣ್ಣಿಗೊತ್ತಿಕೊಂಡು ಕೊಟ್ಟಳು. ಹನ್ನೊಂದು ಗ್ರಾಮ್. ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತುವಾಗ ಮಾತ್ರ ಅವಳು ಗೋಡೆಯ ಕಡೆ ಮುಖ ಮಾಡಿದಳು.

ಶುಕ್ರವಾರ ಕೋರ್ಟು ಜಾಮೀನು ಕೊಟ್ಟಿತು. ಬಿಲ್ಲಿಲ್ಲದ ಖರೀದಿಗಾಗಿ ಮಹೇಶಕುಮಾರನಿಗೂ ನೋಟಿಸ್ ಹೋಯಿತು. ಪದಕವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನವಾಗುವತನಕ ಅದು ಠಾಣೆಯಲ್ಲೇ ಇರಬೇಕೆಂದು ಆದೇಶವಾಯಿತು. ಹಣಮಂತ್ರಾಯ ಬೈಕಿನ ಮೇಲೆ ಬಂದ, ಜಾಮೀನಿಗೆ ಸಹಿ ಮಾಡಿದ, “ಮಂದ್ಯಾಗ ಮಾನ ಕಳದಿ, ಬಸ್ಸಿಗಿ ಬಾ” ಎಂದು ಹೆಂಡತಿಗೆ ಬೈದು ಹೊರಟುಹೋದ.

ಸಂಜೆ 5.40. ನಾರಾಯಣಪುರದ ಬಸ್ಸು ಹೋಗಿ ತಾಸಾಗಿತ್ತು. ಸರೋಜಾ ಡ್ಯೂಟಿ ಮುಗಿಸಿ ಹೊರಬಂದಾಗ, ಜಪ್ತಿ ಮಾಲು ಇಡುವ ಕೋಣೆಯ ಕಿಟಕಿಯ ಕೆಳಗೆ ಮಲಕಮ್ಮ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಏನೋ ಮಾತಾಡುತ್ತಿದ್ದಳು.

“ಯಾಕವ್ವಾ, ಮನಿಗಿ ಹೋಗಂಗಿಲ್ಲೇನು?”

“ಮನ್ಯಾಗ ಯಾರದಾರವ್ವಾ?” ಎಂದಳು ಮಲಕಮ್ಮ. “ಇಲ್ಲಿ ಅಕ್ಕನಾದ್ರೂ ಅದಾಳ.”