ನಮ್ಮ ಮನೆಯವಳು

“ಎನ್ ಪಣಂ ಎಂಗೇ ಮೇಡಂ?!”

ನನ್ನ ಹಣ ಎಲ್ಲಿ ಎಂದು ತಮಿಳಿನಲ್ಲಿ ಗುಡುಗಿದ ಆ ದನಿಗೆ ಭಾವನಾ ಬೆಚ್ಚಿಬಿದ್ದಳು. ಸೋಮನೂರಿನ ಆ ಬ್ಯಾಂಕ್ ಶಾಖೆಯಲ್ಲಿದ್ದವರೆಲ್ಲ ಅವಳ ಕೌಂಟರಿನತ್ತ ತಿರುಗಿ ನೋಡಿದರು.

ಎದುರಿಗೆ ನಿಂತಿದ್ದವನು ಪ್ರಭಾಕರನ್. ಕರುಮತ್ತಂಪಟ್ಟಿಯಲ್ಲಿ ಸಣ್ಣದೊಂದು ಪವರ್‌ಲೂಮ್ ಶೆಡ್ ಇಟ್ಟುಕೊಂಡವನು. ಮಗ್ಗದ ಬಿಡಿಭಾಗಗಳಿಗೆಂದು ಸೂರತ್‌ನ ಅಂಗಡಿಗೆ ಅವನು ಕಳಿಸಿದ್ದ ಹಣ ತಿರುಗಿ ಬಂದಿತ್ತು.

“ಸೂರತ್‌ನಲ್ಲಿ ಆ ಬ್ಯಾಂಕಿಗೆ ತುಂಬಾ ಶಾಖೆಗಳಿವೆ ಸರ್. ಒಂದೊಂದಕ್ಕೂ ಬೇರೆ ಬೇರೆ ಕೋಡ್. ನೀವು ಬರೆದಿದ್ದು ಇನ್ನೊಂದು ಶಾಖೆಯದು...” ಹರಕು ಮುರುಕು ತಮಿಳಿನಲ್ಲಿ ಅವಳು ತಡವರಿಸಿದಳು.

ಅಷ್ಟರಲ್ಲಿ ಅವನ ಮೊಬೈಲ್ ರಿಂಗಾಯಿತು. ಅವನು ಪಕ್ಕಕ್ಕೆ ತಿರುಗಿ ದನಿ ತಗ್ಗಿಸಿದ.

“ಇಲ್ಲವ್ವಾ, ಇನ್ನೂ ಆಗಿಲ್ಲ. ಇಲ್ಲೊಂದು ಹೊಸ ಹೆಣ್ಣು ಕುಂತದ... ಅದ್ಕ ಒಂದೂ ತೆರಿಯಾದು!”

ಕನ್ನಡ!

ಭಾವನಾಳ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿತು.

ಬಡ್ತಿಯ ಮೇಲೆ ಅರಸೀಕೆರೆಯಿಂದ ಈ ತಮಿಳು ಸೀಮೆಗೆ ಬಂದ ಮೇಲೆ ಅವಳ ಕಿವಿಗೆ ಮುಖಾಮುಖಿ ಕನ್ನಡ ಬಿದ್ದಿರಲೇ ಇಲ್ಲ. ಆರ್.ಎಸ್. ಪುರಂನಲ್ಲೊಂದು ಬಾಡಿಗೆ ಕೋಣೆ, ಬಸ್ಸು, ಬ್ಯಾಂಕು, ಮತ್ತೆ ಅದೇ ಕೋಣೆ. ಅಮ್ಮ ತೀರಿಕೊಂಡ ಮೇಲೆ ಫೋನ್ ಮಾಡಿ ‘ಊಟ ಆಯ್ತೇನೇ?’ ಎಂದು ಕೇಳುವವರೂ ಇರಲಿಲ್ಲ. ಭಾನುವಾರಗಳಂದು ಒಮ್ಮೊಮ್ಮೆ ಕನ್ನಡಿಯ ಮುಂದೆ ನಿಂತು ತನ್ನೊಂದಿಗೆ ತಾನೇ ಮಾತಾಡಿಕೊಳ್ಳುತ್ತಿದ್ದಳು...

‘ಒಂದೂ ಗೊತ್ತಿಲ್ಲ’ ಎಂಬ ಬೈಗುಳವಾದರೇನು, ಕನ್ನಡವಲ್ಲವೇ! ಅವಳ ಕಣ್ಣು ತುಂಬಿ ಬಂತು.

ಅದನ್ನು ಕಂಡು ಪ್ರಭಾಕರನ್ ಗಾಬರಿಯಾದ. “ಅಯ್ಯಯ್ಯೋ... ನಿಮ್ಗ ಕನ್ನಡ ತೆರಿಯುತ್ತಾ ಮೇಡಂ?”

“ಬರುತ್ತೆ. ಬೈದಿದ್ದೂ ಅರ್ಥವಾಯ್ತು!”

“ಮನ್ನಿಸ್ಬುಡಿ... ಕೋವದಲ್ಲಿ ಬಂದ್ಬುಡ್ತು.”

“ಪರವಾಗಿಲ್ಲ. ಇನ್ನೂ ಏನಾದ್ರೂ ಮಾತಾಡಿ... ಏನಾದ್ರೂ ಸರಿ.”

ಅವನು ಪೆಚ್ಚಾಗಿ ನಕ್ಕ.

ಆಮೇಲೆ ಅವನು ಬಂದಾಗಲೆಲ್ಲ ಹಣ ಹೋಗಬೇಕಾದ ಶಾಖೆಯ ಕೋಡನ್ನು ಭಾವನಾಳೇ ಹುಡುಕಿ ಕೊಡುತ್ತಿದ್ದಳು. ಕೆಲಸ ಮುಗಿದರೂ ಅವನು ಹೊರಡುತ್ತಿರಲಿಲ್ಲ. ಅವನದು ತಲೆತಲಾಂತರದಿಂದ ಇಲ್ಲೇ ನೇಯುತ್ತಿರುವ ಕುಟುಂಬ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವನಿಗೆ ಕನ್ನಡ ಓದಲು ಬಾರದು. ಆದರೆ ಅವನು “ಉಂಡ್ರಾ ಮೇಡಂ?” ಎಂದು ಕೇಳಿದ ದಿನ, ಅವಳು ರಾತ್ರಿ ತನ್ನೊಬ್ಬಳಿಗೇ ಪಾಯಸ ಮಾಡಿಕೊಂಡಿದ್ದಳು!

ಹೀಗಿರುವಾಗ ಒಂದು ದಿನ ಅವನು ಹೊಸ ಹೆಸರೊಂದನ್ನು ಹೇಳಿದ.

“ಮೈಸೂರಿಗ ಹಣ ಕಳಿಸ್ಬೇಕು. ಮಾಸಾ ಮಾಸಾ. ಹೆಸ್ರು ಜನನಿ. ಆ ಊರ ಶಾಖೆ ಕೋಡ್ ಸ್ವಲ್ಪ ಪಾತು... ನೋಡಿ ಹೇಳಿ.”

“ಜನನಿ ಅಂದ್ರೆ...?”

“ನಮ್ಮ ಮನೆಯವಳು,” ಎಂದ ಪ್ರಭಾಕರನ್, ಮುಖವರಳಿಸಿ.

ಮನೆಯವಳು... ಹೆಂಡತಿ!

ಭಾವನಾ ತನ್ನನ್ನು ತಾನೇ ಬೈದುಕೊಂಡಳು. ‘ಛೆ, ನಾನೆಂಥ ಮೂರ್ಖಳು! ಊಟ ಆಯ್ತಾ ಎಂದು ಕೇಳಿದ್ದಕ್ಕೇ ಏನೇನೋ ಕಟ್ಟಿಕೊಂಡೆನಲ್ಲ...’

ಕೋಡನ್ನು ಹುಡುಕಿ ಬರೆದುಕೊಟ್ಟಳು.

ಅಂದಿನಿಂದ ಅವಳು ಅವನ ಜೊತೆ ತಮಿಳಿನಲ್ಲೇ ಮಾತಾಡತೊಡಗಿದಳು. ಎರಡು ಸಲ ಅವನು ಸಹಿಸಿದ. ಮೂರನೆಯ ಸಲ ಗಾಜಿನ ಹತ್ತಿರ ಬಗ್ಗಿ, “ನಮ್ಮ ಕನ್ನಡ ಕಲಪ್ಪು ಕನ್ನಡ. ನಿಮ್ಮಂಗೆ ಸುದ್ದ ಇಲ್ಲ. ಅದ್ಕಾ ಮೇಡಂ?” ಎಂದ.

ಅವಳು ತಲೆ ಎತ್ತಲಿಲ್ಲ. “ಅಡುತ್ತ ಆಳ್ ವಾಂಗ,” ಎಂದು ಮುಂದಿನವರನ್ನು ಕರೆದಳು.

ಮತ್ತೆ ಅವನು ಬರಲಿಲ್ಲ. ಶೆಡ್ಡಿನ ಕೆಲಸಗಾರ ಪೆರಿಯಸಾಮಿ ಫಾರಂ ತಂದುಕೊಟ್ಟು ಹೋಗುತ್ತಿದ್ದ.

ಸಂಜೆಯ ಬಸ್ಸಿನಲ್ಲಿ ಸುತ್ತ ನೂರು ಮಾತು. ಅವಳಿಗೆಂದು ಒಂದೂ ಇಲ್ಲ... ಈ ಊರು ಮೊದಲಿಗಿಂತ ಖಾಲಿಯಾಗಿತ್ತು. ಹಾಸನಕ್ಕೆ ವರ್ಗ ಕೇಳಿ ಅರ್ಜಿ ಹಾಕಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಆದೇಶವೂ ಬಂತು.

“ಮನಸ್ಸು ಬದಲಾದ್ರೆ ನಾಳೆಯೊಳಗೆ ಹೇಳಮ್ಮ,” ಎಂದು ಆದೇಶ ಬಂದ ನಾಲ್ಕನೆಯ ದಿನ ತಮಿಳಿನಲ್ಲಿ ಹೇಳಿದರು ಮ್ಯಾನೇಜರ್ ಶಣ್ಮುಗಂ.

ಬದಲಾಗುವುದೇನಿದೆ?

ಅವತ್ತೇ ಜನನಿಗೆ ಕಳಿಸಿದ್ದ ಹಣ ವಾಪಸು ಬಂತು. ಆ ಮೈಸೂರು ಶಾಖೆ ಪಕ್ಕದ ಶಾಖೆಯ ಜೊತೆ ಸೇರಿಹೋಗಿ ಕೋಡ್ ಬದಲಾಗಿತ್ತು. ವಿಷಯ ತಿಳಿಸಲೇಬೇಕು. ಭಾವನಾ ಫಾರಂನಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಪ್ರಭಾಕರನ್‌ನ ತಾಯಿ ಕಾಮಾಕ್ಷಿಯಮ್ಮ.

“ಜನನಿಗ ಹಣ ಹೋಗ್ಲಿಲ್ವಾ? ಅಯ್ಯೋ, ಪಾವಂ! ನರ್ಸಿಂಗ್ ಹಾಸ್ಟಲ್‌ಗ ಕಟ್ಬೇಕಲ್ಲಮ್ಮ ನನ್ ಮಗಳು!”

“ಮಗಳಾ...? ಸೊಸೆ ಅಲ್ವಾ? ಅವರು ‘ಮನೆಯವಳು’ ಅಂದಿದ್ರು...”

“ನಮ್ಮ ಮನೇಲಿ ಹುಟ್ದೋಳು ನಮ್ಮ ಮನೆಯವಳು ತಾನೇ? ಸೊಸೆ ಎಲ್ಲಿಂದ ಬರ್ಬೇಕು, ಅವ್ನಿಗಿನ್ನೂ ಕಲ್ಯಾಣನೇ ಆಗಿಲ್ಲ!”

ಭಾವನಾ ಹೊಸ ಕೋಡ್ ಹಾಕಿ ಹಣ ಕಳಿಸಿದಳು. ಆಮೇಲೆ ಅರ್ಧ ದಿನದ ರಜೆ ಬರೆದು, ಕರುಮತ್ತಂಪಟ್ಟಿಯ ಬಸ್ಸು ಹತ್ತಿದಳು.

ಶೆಡ್ಡಿನೊಳಗೆ ಮಗ್ಗಗಳ ಅಬ್ಬರ. ನೂಲು ಕಟ್ಟುತ್ತಿದ್ದ ಪ್ರಭಾಕರನ್ ಅವಳನ್ನು ಕಂಡು ಎದ್ದು ನಿಂತ. ಅವಳು ಏನೋ ಹೇಳಿದಳು. ಅವನು ಕಿವಿಗೆ ಕೈ ಇಟ್ಟು, ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದ. ಅವಳು ಇನ್ನೂ ಜೋರಾಗಿ ಹೇಳಿದಳು. ಊಹೂಂ! ಕೊನೆಗೆ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು. ಆ ಕ್ಷಣಕ್ಕೇ ಕರೆಂಟ್ ಹೋಯಿತು!

“...ನಿಮಗೆ ಮದುವೆ ಆಗಿದೆ ಅಂದ್ಕೊಂಡು ಇಷ್ಟು ದಿನ ಅತ್ತಿದ್ದೀನಿ ನಾನು!”

ನಿಶ್ಶಬ್ದವಾದ ಶೆಡ್ಡಿನ ತುಂಬ ಅವಳ ದನಿ ಮೊಳಗಿತು. ಕೆಲಸಗಾರರೆಲ್ಲ ನೋಡುತ್ತಿದ್ದರು. ಕನ್ನಡ ಬಾರದ ಪೆರಿಯಸಾಮಿಗೂ ಏನೋ ಅರ್ಥವಾದಂತಿತ್ತು; ಮುಸಿಮುಸಿ ನಗುತ್ತ ಎಲ್ಲರನ್ನೂ ಟೀ ಕುಡಿಯಲು ಹೊರಗೆ ಎಬ್ಬಿಸಿಕೊಂಡು ಹೋದ.

“ನಿಮ್ಮ ಕನ್ನಡದ ಮೇಲೆ ನಂಗೆ ಯಾವತ್ತೂ ತಾತ್ಸಾರ ಇರ್ಲಿಲ್ಲ,” ಎಂದಳು ಭಾವನಾ, ಮುಖ ಮುಚ್ಚಿಕೊಂಡು. “ಅದನ್ನ ಕೇಳೋಕೇ ದಿನಾ ಬಾಗಿಲು ನೋಡ್ತಿದ್ದೆ.”

ಪ್ರಭಾಕರನ್ ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟ.

“ನೀವು ಊರಿಗ ಹೊರಟ್ರಿ ಅಂತ ಬ್ಯಾಂಕಲ್ಲಿ ಕೇಳಿ ಬಂದು ಪೆರಿಯಸಾಮಿ ಅಂದ. ನಂಗ ಮೂರು ದಿನದಿಂದ ನಿದ್ರೆ ಇಲ್ಲ...” ಅವನು ಒಂದು ಹೆಜ್ಜೆ ಮುಂದೆ ಬಂದ. “ಹೋಗ್ಬ್ಯಾಡಿ.”

“ಇಲ್ಲಿ ನಂಗೆ ಯಾರಿದ್ದಾರೆ, ಇರೋದಕ್ಕೆ?”

“ನಾನ್ ಇದೀನಿ. ಪತ್ತಾದಾ?”

“ಪತ್ತಾದಾ...? ಹಾಗಂದ್ರೆ?”

“ಸಾಲದಾ, ಅಂತ.”

ಅವಳು ಕಣ್ಣೊರೆಸಿಕೊಂಡು ಅವನ ಮುಖವನ್ನೇ ನೋಡಿದಳು.

“ಸಾಕು,” ಎಂದಳು.